ಆಫೀಸು ಮುಗಿದ ಮೇಲೆ ನಿಮ್ಮ ಖುಷಿಗೆ ಏನು ಕೋಡ್ ಬರೆಯುತ್ತಿದ್ದೀರಿ?

ಕರ್ವೇನಗರ ಕೋಡ್, ಪುಣೆ:

ಪುಣೆ, ಮುಂಬಯಿ, ಗೋವಾ ಕಡೆ ಇರುವ ಕನ್ನಡದ ಪ್ರೋಗ್ರಾಮರುಗಳಿಗೆ ಒಂದು ಪ್ರಶ್ನೆ. ಸಂಬಳಕ್ಕೆ ಬರೆಯುವ ಕೋಡ್ ಬಿಡಿ. ರಾತ್ರಿ ಊಟ ಆದಮೇಲೆ, ಶನಿವಾರ ಬೆಳಿಗ್ಗೆ, ಯಾರೂ ಹೇಳದೆ ನಿಮ್ಮಷ್ಟಕ್ಕೆ ನೀವು ಏನು ಮಾಡುತ್ತೀರಿ? ಯಾರಿಗಾಗಿ ಮಾಡುತ್ತೀರಿ?

ನನ್ನದು ಮೊದಲು ಹೇಳುತ್ತೇನೆ. ಪದಬಂಧ ತಯಾರಿಸುವ ಒಂದು ಪ್ರೋಗ್ರಾಂ. ಅವ್ವ ಧಾರವಾಡದಿಂದ ಬಂದು ಈಗ ನಮ್ಮ ಜೊತೆ ಇದ್ದಾಳೆ. ಅಲ್ಲಿದ್ದಾಗ ಪೇಪರಿನ ಪದಬಂಧ ಬಿಡಿಸದೆ ಅವಳ ಬೆಳಗಿನ ಚಹಾ ಮುಗಿಯುತ್ತಿರಲಿಲ್ಲ. ಇಲ್ಲಿ ನಮ್ಮ ಬಾಗಿಲಿಗೆ ಕನ್ನಡ ಪೇಪರ್ ಬರುವುದಿಲ್ಲ. ಸುದ್ದಿಯನ್ನೇನೋ ಫೋನಿನಲ್ಲಿ ಓದುತ್ತಾಳೆ. ಆದರೆ ಪೆನ್ಸಿಲ್ ಹಿಡಿದು ಒಂದೊಂದೇ ಮನೆ ತುಂಬುವ ಸುಖ ಫೋನಿನಲ್ಲಿ ಎಲ್ಲಿಂದ ಬರಬೇಕು? ಅದಕ್ಕೇ ವಾರಕ್ಕೊಂದು ಹಾಳೆ ಪ್ರಿಂಟ್ ಮಾಡಿಕೊಡೋಣ ಅಂತ ಶುರು ಮಾಡಿದೆ.

ಮೊದಲ ಪ್ರಶ್ನೆಯೇ ನನ್ನನ್ನು ಹಿಡಿದು ನಿಲ್ಲಿಸಿತು. ‘ಕನ್ನಡ’ ಅನ್ನುವ ಪದಕ್ಕೆ ಎಷ್ಟು ಮನೆ ಬೇಕು? ಅವ್ವನನ್ನು ಕೇಳಿದರೆ ಮೂರು: ಕ, ನ್ನ, ಡ. ಪೈಥಾನ್ ಭಾಷೆಯನ್ನು ಕೇಳಿದರೆ 5 ಅನ್ನುತ್ತದೆ. ಜಾವಾಸ್ಕ್ರಿಪ್ಟ್ ಕೂಡ 5. ಗೋ ಭಾಷೆಯಲ್ಲಿ ಉದ್ದ ಕೇಳಿದರೆ 15. ಬ್ರೌಸರಿನೊಳಗಿನ, ಪಠ್ಯವನ್ನು ಅಕ್ಷರಗಳಾಗಿ ಕತ್ತರಿಸುವ ಸೆಗ್ಮೆಂಟರ್‌ಗೆ ಕೊಟ್ಟರೆ ನನಗೆ ಬಂದದ್ದು 4.

ಯಾವುದೂ ಸುಳ್ಳಲ್ಲ. ಕಂಪ್ಯೂಟರು ಲಿಪಿಯ ಒಂದೊಂದು ಚಿಹ್ನೆಯನ್ನೂ ಒಂದು ಸಂಖ್ಯೆಯಾಗಿ ಇಡುತ್ತದೆ, ಆ ಸಂಖ್ಯೆಗಳ ಪಟ್ಟಿಯೇ ಯೂನಿಕೋಡ್. ಯೂನಿಕೋಡ್‌ನಲ್ಲಿ ಈ ಪದ ಕೂತಿರುವುದು ಐದು ಸಂಖ್ಯೆಗಳಾಗಿ: 3221, 3240, 3277, 3240, 3233. ಅಂದರೆ ಕ, ನ, ಅರ್ಧಾಕ್ಷರದ ಚಿಹ್ನೆ, ಮತ್ತೊಂದು ನ, ಡ. ಆ ಸಂಖ್ಯೆಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ ಮೂರು ಬೈಟ್ ಬೇಕು, ಗೋ ಎಣಿಸುವುದು ಬೈಟುಗಳನ್ನು, ಹಾಗಾಗಿ 15. ಸೆಗ್ಮೆಂಟರ್ ‘ನ್’ ಮತ್ತು ‘ನ’ ನಡುವೆ ಕತ್ತರಿಸುತ್ತದೆ, ಹಾಗಾಗಿ 4. ಆದರೆ ಪದಬಂಧಕ್ಕೆ ಬೇಕಾದದ್ದು ಅವ್ವನ ಮೂರು.

ಅವ್ವ ಹೇಗೆ ಎಣಿಸುತ್ತಾಳೋ ಅದನ್ನೇ ನಿಯಮ ಮಾಡಿದೆ. ಒಂದು ವ್ಯಂಜನ. ಅದರ ನಂತರ ಅರ್ಧಾಕ್ಷರ ಚಿಹ್ನೆ ಮತ್ತು ಇನ್ನೊಂದು ವ್ಯಂಜನ ಎಷ್ಟು ಸಲ ಬಂದರೂ ಸೇರಿಸಿಕೋ. ಆಮೇಲೆ ಗುಣಿತದ ಚಿಹ್ನೆ ಇದ್ದರೆ ಸೇರಿಸು. ಸೊನ್ನೆ, ವಿಸರ್ಗ ಇದ್ದರೆ ಅದೂ ಒಳಗೇ. ಪದದ ಕೊನೆಯಲ್ಲಿ ಅರ್ಧಾಕ್ಷರ ಉಳಿದರೆ ಅದಕ್ಕೂ ಒಂದು ಮನೆ. ಸ್ವರ ಬಂದರೆ ಅದು ತಾನೇ ಒಂದು ಮನೆ. ಇಷ್ಟೇ. ಒಂದು ಸಾಲಿನ ರೆಗೆಕ್ಸ್, ಅಂದರೆ ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ, ಆಯಿತು. ‘ಬಸ್’ಗೆ ಎರಡು ಮನೆ, ‘ದುಃಖ’ಕ್ಕೂ ಎರಡು.

ಮನೆಗಳನ್ನು ಒಂದಕ್ಕೊಂದು ಅಡ್ಡ ಹಾಯಿಸುವುದು ಇನ್ನೂ ಕಷ್ಟ. ಇಂಗ್ಲಿಷಿನಲ್ಲಿ 26 ಅಕ್ಷರ ಅಷ್ಟೇ, ಎಲ್ಲಾದರೂ ಕೂಡಿಕೊಳ್ಳುತ್ತವೆ. ನಮ್ಮಲ್ಲಿ ‘ಕಾ’ ಇರುವ ಮನೆಗೆ ‘ಕಿ’ ಆಗುವುದಿಲ್ಲ. 34 ವ್ಯಂಜನಕ್ಕೆ 13 ಸ್ವರ ಹಿಡಿದರೇ 442 ಆಯಿತು, ಒತ್ತಕ್ಷರ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಕನ್ನಡ ಪದಬಂಧದಲ್ಲಿ ಕಪ್ಪು ಮನೆ ಜಾಸ್ತಿ ಇರುವುದಕ್ಕೆ ಇದೇ ಕಾರಣ ಅಂತ ನನಗೆ ಕೋಡ್ ಬರೆದಾಗಲೇ ಅರ್ಥವಾಯಿತು. ಪ್ರೋಗ್ರಾಂ ಈಗ ಗುಣಿತ ಇಲ್ಲದ ರ, ಮ, ಲ, ಸ, ಕಗಳನ್ನು ಹುಡುಕಿ ಅಲ್ಲೇ ಅಡ್ಡ ಹಾಯಿಸುತ್ತದೆ. ‘ಸರಕು’ ಮತ್ತು ‘ಮರಳು’ ನಡುವಿನ ‘ರ’ದಲ್ಲಿ ಸೇರಿದ ಹಾಗೆ. ಆಗದಿದ್ದರೆ ಒಂದು ಹೆಜ್ಜೆ ಹಿಂದೆ ಬಂದು ಬೇರೆ ಪದ ಹಾಕಿ ನೋಡುತ್ತದೆ.

ಪದಗಳಿಗೆ ಅಲರ್ ನಿಘಂಟು ಇದೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಸೇರಿಸಿದ್ದು. ಒಂದೂವರೆ ಲಕ್ಷದಷ್ಟು ಪದಗಳಿವೆ, 2019ರಲ್ಲಿ ಎಲ್ಲರಿಗೂ ಮುಕ್ತವಾಗಿ ಸಿಕ್ಕಿತು. ಅಂಥ ಕೆಲಸಕ್ಕೆ ಎಷ್ಟು ಕೈ ಮುಗಿದರೂ ಸಾಲದು. ಆದರೆ ಅಷ್ಟೂ ಪದ ಅವ್ವನಿಗೆ ಬೇಡ. ಅವಳ ಬಾಯಲ್ಲಿ ಬರುವ ಪದಗಳನ್ನೇ ಬೇರೆ ಪಟ್ಟಿ ಮಾಡಿದೆ. ಸುಳಿವೂ ಅವಳದೇ. ‘ರೊಟ್ಟಿ ಬಡಿಯುವಾಗ ಕೆಳಗೆ ಉದುರಿಸುವುದು, 2 ಮನೆ’ ಅಂತ ಅವಳೇ ಹೇಳಿದಳು. ಹಿಟ್ಟು. ಹೀಗೆ ಸುಳಿವು ಕೊಟ್ಟವಳೇ ಎರಡು ತಿಂಗಳಾದ ಮೇಲೆ ಹಾಳೆ ಕೈಗೆ ಬಂದಾಗ ತಡಕಾಡುತ್ತಾಳೆ, ಅದು ಅವಳಿಗೆ ಇನ್ನೂ ಖುಷಿ.

ನಿಮ್ಮದು ಹೇಳಿ.

ಡೊಂಬಿವಲಿ ಮಳೆ, ಮುಂಬಯಿ:

ನನ್ನದು ಕೋಡಿಗಿಂತ ತಂತಿ ಜಾಸ್ತಿ. ಬಿಲ್ಡಿಂಗ್ ಟೆರೇಸಿನ ಮೇಲೆ ಮಳೆಮಾಪಕ ಇಟ್ಟಿದ್ದೇನೆ.

ಅಪ್ಪಯ್ಯ ಕುಂದಾಪುರದವರು. ಹೋಟೆಲು ಕೆಲಸ ಬಿಟ್ಟು ಮನೆಯಲ್ಲಿದ್ದಾರೆ. ಜೂನ್ ಬಂತೆಂದರೆ ದಿನಾ ಊರಿಗೆ ಫೋನ್. ದೊಡ್ಡಪ್ಪ ಅಲ್ಲಿ ಗದ್ದೆಯ ಬದಿಯಲ್ಲಿ ಮಾಪಕ ಇಟ್ಟುಕೊಂಡಿದ್ದಾರೆ, ‘ಇವತ್ತು ನಮ್ಮಲ್ಲಿ ಇಷ್ಟು ಹೊಯ್ದಿದೆ’ ಅಂತ ಲೆಕ್ಕ ಹೇಳುತ್ತಾರೆ. ಅಪ್ಪಯ್ಯನ ಹತ್ತಿರ ಹೇಳಲು ಲೆಕ್ಕ ಇರಲಿಲ್ಲ. ಟಿವಿಯಲ್ಲಿ ಸಾಂತಾಕ್ರೂಜ್, ಕೊಲಾಬಾ ಎರಡೇ ಹೇಳುತ್ತಾರೆ. ಡೊಂಬಿವಲಿ ಎಲ್ಲಿ, ಕೊಲಾಬಾ ಎಲ್ಲಿ? 2005ರ ಜುಲೈ 26ರ ಮಳೆ ನೆನಪಿರುವವರಿಗೆ ಗೊತ್ತು. ಸಾಂತಾಕ್ರೂಜ್‌ನಲ್ಲಿ ಒಂದು ದಿನಕ್ಕೆ 944 ಮಿ.ಮೀ. ಸುರಿದಾಗ ಕೊಲಾಬಾದಲ್ಲಿ 73 ಮಿ.ಮೀ. ಮಾತ್ರ. ಒಂದೇ ಊರು!

ಮಾಪಕದ ಒಳಗೆ ತಕ್ಕಡಿಯ ಹಾಗೆ ಎರಡು ಸಣ್ಣ ಬಟ್ಟಲು ಇರುತ್ತವೆ. ಒಂದು ತುಂಬಿದ ಕೂಡಲೇ ಮಗುಚಿ ನೀರು ಚೆಲ್ಲುತ್ತದೆ, ಇನ್ನೊಂದು ಮೇಲೆ ಬರುತ್ತದೆ. ನಡುವೆ ಒಂದು ಅಯಸ್ಕಾಂತ, ಪಕ್ಕದಲ್ಲಿ ಅಯಸ್ಕಾಂತ ಹತ್ತಿರ ಬಂದರೆ ಮುಚ್ಚಿಕೊಳ್ಳುವ ರೀಡ್ ಸ್ವಿಚ್. ಒಂದು ಸಲ ಮಗುಚಿದರೆ 0.2794 ಮಿ.ಮೀ. ಮಳೆ, ನನ್ನ ಮಾಪಕದ ಬಾಯಿಯ ಅಳತೆಗೆ ಸುಮಾರು ಒಂದೂವರೆ ಮಿಲಿಲೀಟರ್ ನೀರು. ಲ್ಯಾಮಿಂಗ್ಟನ್ ರೋಡಿನಿಂದ ತಂದ ಇಎಸ್‌ಪಿ-32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಆ ಮಗುಚುವಿಕೆಯನ್ನು ಎಣಿಸುತ್ತದೆ.

ಎಣಿಸುವುದರಲ್ಲೇ ಕೆಲಸ ಇದೆ. ಸ್ವಿಚ್ ಒಂದು ಸಲ ಮುಚ್ಚಿದಾಗ ಕೆಲವು ಮಿಲಿಸೆಕೆಂಡ್ ಅದುರುತ್ತದೆ, ಬೋರ್ಡಿಗೆ ಅದು ನಾಲ್ಕೈದು ಸಲ ಒತ್ತಿದಂತೆ ಕಾಣುತ್ತದೆ. ಅದಕ್ಕೆ ಒಂದು ಎಣಿಕೆ ಆದಮೇಲೆ 100 ಮಿಲಿಸೆಕೆಂಡ್ ಕಿವಿ ಮುಚ್ಚಿಕೊಂಡಿರು ಅಂತ ಬರೆಯಬೇಕು. ಜೋರು ಮಳೆಯಲ್ಲಿ ಬೇರೆಯೇ ತೊಂದರೆ. ಬಟ್ಟಲು ಮಗುಚುತ್ತಿರುವ ಆ ಕ್ಷಣದಲ್ಲಿ ಬಿದ್ದ ನೀರು ಲೆಕ್ಕಕ್ಕೆ ಸಿಗುವುದಿಲ್ಲ, ಹಾಗಾಗಿ ಮಾಪಕ ಕಡಿಮೆ ತೋರಿಸುತ್ತದೆ. ಅಳತೆ ಮಾಡಿದ ನೀರನ್ನು ನಿಧಾನಕ್ಕೆ ಒಮ್ಮೆ, ಜೋರಾಗಿ ಒಮ್ಮೆ ಸುರಿದು ಎರಡಕ್ಕೂ ಎಷ್ಟು ವ್ಯತ್ಯಾಸ ಅಂತ ನೋಡಿ ಕೋಡಿನಲ್ಲಿ ಸರಿಮಾಡಬೇಕು. ಆಮೇಲೆ ಪಾರಿವಾಳ. ಬಾಯಿಗೆ ಸ್ಟೀಲ್ ಜಾಲರಿ ಕಟ್ಟದಿದ್ದರೆ ವಾರದಲ್ಲಿ ತೂತು ಕಟ್ಟಿಕೊಳ್ಳುತ್ತದೆ. ಸೋಲಾರ್ ನಂಬಬೇಡಿ, ಜುಲೈನಲ್ಲಿ ಬಿಸಿಲು ಎಲ್ಲಿದೆ? ಮಳೆ ಬರುವ ಮೊದಲೇ ಬ್ಯಾಟರಿ ತುಂಬಿಸಿ, ಬೋರ್ಡನ್ನು ಡೀಪ್ ಸ್ಲೀಪಿನಲ್ಲಿ ಇಟ್ಟು, ಬಟ್ಟಲು ಮಗುಚಿದಾಗ ಮಾತ್ರ ಎಬ್ಬಿಸಿದರೆ ಸಾಕು.

ಹವಾಮಾನ ಇಲಾಖೆಯವರ ದಿನ ಬೆಳಿಗ್ಗೆ 8.30ರಿಂದ ಮರುದಿನ 8.30ರ ತನಕ. ನನ್ನದೂ ಹಾಗೇ. 8.31ಕ್ಕೆ ಅಪ್ಪಯ್ಯನ ಫೋನಿಗೆ ಒಂದೇ ಸಾಲು ಮೆಸೇಜ್ ಹೋಗುತ್ತದೆ. ಗ್ರಾಫ್ ಇಲ್ಲ, ಡ್ಯಾಶ್‌ಬೋರ್ಡ್ ಇಲ್ಲ. ಒಂದು ಮಿ.ಮೀ. ಅಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು ಅಂತ ಗೊತ್ತಾದ ಮೇಲೆ ಅವರು ಟೆರೇಸಿನ ಅಳತೆ ಹಿಡಿದು ಎಷ್ಟು ಕೊಡ ನೀರು ಚರಂಡಿಗೆ ಹೋಯಿತು ಅಂತಲೂ ಲೆಕ್ಕ ಹಾಕುತ್ತಾರೆ. ಸೊಸೈಟಿ ಮೀಟಿಂಗಿನಲ್ಲಿ ಅದನ್ನೇ ಎತ್ತಿದ್ದಾರೆ, ಮಳೆ ನೀರು ಹಿಡಿಯುವ ಟ್ಯಾಂಕ್ ಬೇಕು ಅಂತ.

ಹಳೇ ಕೋಬಾಲ್, ಮಾಟುಂಗಾ:

ಇಬ್ಬರದೂ ಓದಿ ತುಂಬಾ ಸಂತೋಷವಾಯಿತು. ನಾನು ನಿವೃತ್ತ. ಹಗಲು ಹೋಟೆಲಿನಲ್ಲಿ ಕೆಲಸ, ರಾತ್ರಿ ಕನ್ನಡ ರಾತ್ರಿ ಶಾಲೆ, ಹೀಗೆ ಕಲಿತು ಕಡೆಗೆ ನರೀಮನ್ ಪಾಯಿಂಟಿನ ಒಂದು ಕಚೇರಿಯಲ್ಲಿ ಕೋಬಾಲ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವನಾದೆ. ಆಗ ಕಂಪ್ಯೂಟರಿನಲ್ಲಿ ಕನ್ನಡ ಬರುತ್ತದೆ ಅಂದರೆ ಯಾರೂ ನಂಬುತ್ತಿರಲಿಲ್ಲ. ನಿಮ್ಮ ಪುಣೆಯ ಸಿ-ಡ್ಯಾಕ್‌ನವರ ಜಿಸ್ಟ್ ಕಾರ್ಡ್ ಹಾಕಿ ಡಾಸ್ ಪರದೆಯ ಮೇಲೆ ಕನ್ನಡ ಮೂಡಿದ್ದನ್ನು ನೋಡಲು ನಾವು ನಾಲ್ಕೈದು ಜನ ಸುತ್ತ ನಿಂತಿದ್ದೆವು.

ಕರ್ವೇನಗರದವರು ಹೇಳಿದ ಐದು ಸಂಖ್ಯೆಯ ವಿಷಯಕ್ಕೆ ಒಂದು ಮಾತು ಸೇರಿಸುತ್ತೇನೆ. ಕೆ.ಪಿ. ರಾವ್ ಅವರ ಕೀಲಿಮಣೆಯಲ್ಲಿ, ಅಂದರೆ ನುಡಿ ತಂತ್ರಾಂಶದಲ್ಲಿ ನಾವೆಲ್ಲ ಬಳಸುವ ಜೋಡಣೆಯಲ್ಲಿ, ‘ಕನ್ನಡ’ ಬರೆಯಲು ಒತ್ತಬೇಕಾದ ಕೀಲಿಗಳೂ ಐದೇ: ಕೆ, ಎನ್, ಎಫ್, ಎನ್, ಡಬ್ಲ್ಯು. ಎಫ್ ಅಂದರೆ ಒತ್ತು ಸೇರಿಸುವ ಕೊಂಡಿ. ವ್ಯಂಜನಕ್ಕೆ ಸ್ವರ ಒತ್ತಿದರೆ ಗುಣಿತ ತಾನಾಗಿ ಆಗುತ್ತದೆ, ಪ್ರತಿ ಗುಣಿತಕ್ಕೂ ಬೇರೆ ಕೀಲಿ ಬೇಕಿಲ್ಲ. ಬೆರಳಿಗೆ ಎಷ್ಟು ಹಗುರ! ಅಕ್ಷರ ಹೇಗೆ ಹುಟ್ಟುತ್ತದೆ ಅಂತ ತಿಳಿದವರು ಮಾತ್ರ ಹೀಗೆ ಯೋಚಿಸಲು ಸಾಧ್ಯ.

ನನ್ನ ಕಷ್ಟ ಒಂದಿದೆ. ನಮ್ಮ ಬಡಾವಣೆಯ ಒಂದು ಸಣ್ಣ ಕನ್ನಡ ಸಂಘದ ಸ್ಮರಣ ಸಂಚಿಕೆಗಳು ಸಿಡಿಯಲ್ಲಿವೆ. ಇಲ್ಲಿಗೆ ಬಂದು ನೆಲೆಸಿದ ಮೊದಲ ತಲೆಮಾರಿನವರ ಬರಹ, ನೆನಪು, ಯಾರು ಯಾವ ಊರಿನಿಂದ ಹೇಗೆ ಬಂದರು ಎಂಬ ಕಥೆ ಎಲ್ಲ ಅದರಲ್ಲಿದೆ. ಬರೆದವರಲ್ಲಿ ಬಹಳ ಮಂದಿ ಈಗಿಲ್ಲ. ಫೈಲ್ ತೆರೆದರೆ ಇಂಗ್ಲಿಷ್ ಅಕ್ಷರದ ಕಸ. ನುಡಿ ಫಾಂಟಿನ ಕಾಲದ್ದು. ಕೆಲವು ಪೇಜ್‌ಮೇಕರ್ ಫೈಲು. ಯೂನಿಕೋಡಿಗೆ ಬದಲಿಸುವ ಪರಿವರ್ತಕ ಹಾಕಿ ನೋಡಿದೆ, ‘ಸೂರ್ಯ’ ಇದ್ದಲ್ಲೆಲ್ಲ ‘ಸೂಯರ್’ ಬರುತ್ತದೆ. ಇದಕ್ಕೆ ದಾರಿ ಇದೆಯೇ?

ಕರ್ವೇನಗರ ಕೋಡ್, ಪುಣೆ:

ಸರ್, ಖಂಡಿತ ಇದೆ. ಇದು ನನ್ನ ಪದಬಂಧಕ್ಕಿಂತ ದೊಡ್ಡ ಕೆಲಸ, ನಾನೂ ಕೈ ಹಾಕುತ್ತೇನೆ.

ಆ ಕಾಲದ ಫಾಂಟುಗಳಲ್ಲಿ ಕಂಪ್ಯೂಟರ್ ಕನ್ನಡ ಅಕ್ಷರವನ್ನು ನೆನಪಿಡುತ್ತಿರಲಿಲ್ಲ, ಅಕ್ಷರದ ತುಂಡುಗಳನ್ನು ನೆನಪಿಡುತ್ತಿತ್ತು. ನುಡಿ ಫಾಂಟಿನಲ್ಲಿ ‘ಮ’ ಬರೆಯಲು ಮೂರು ತುಂಡು ಬೇಕು: ‘ವ’ದ ಮೈ, ತಲೆಕಟ್ಟು, ಆಮೇಲೆ ಪಕ್ಕಕ್ಕೆ ಒಂದು ಕೊಂಬು. ‘ವ’ ಅಂದರೆ ಮೊದಲೆರಡು ತುಂಡು ಮಾತ್ರ. ಹಾಗಾಗಿ ಪರಿವರ್ತಕ ಮೊದಲು ಮೂರು ತುಂಡಿನ ‘ಮ’ ಇದೆಯಾ ಅಂತ ನೋಡಬೇಕು, ಇಲ್ಲದಿದ್ದರೆ ಮಾತ್ರ ‘ವ’. ಉದ್ದದ್ದನ್ನು ಮೊದಲು ಹೊಂದಿಸುವುದು, ಇದು ಮೊದಲ ನಿಯಮ.

‘ಸೂಯರ್’ ಬರುವುದು ಅರ್ಕಾವೊತ್ತಿನಿಂದ. ನಾವು ಕೈಯಲ್ಲಿ ಬರೆಯುವಾಗ ಅರ್ಕಾವೊತ್ತನ್ನು ಕೊನೆಯಲ್ಲಿ ಹಾಕುತ್ತೇವೆ ಅಲ್ವಾ, ಹಳೆಯ ಫಾಂಟೂ ಹಾಗೇ ಇಡುತ್ತದೆ. ಯೂನಿಕೋಡ್ ಉಚ್ಚಾರದ ಸರದಿಯಲ್ಲಿ ಇಡುತ್ತದೆ, ‘ರ್’ ಮೊದಲು, ‘ಯ’ ಆಮೇಲೆ. ಪರಿವರ್ತಕ ಅರ್ಕಾವೊತ್ತು ಕಂಡ ಕೂಡಲೇ ಹಿಂದಕ್ಕೆ ನಡೆದು ಇಡೀ ಅಕ್ಷರ, ಅದರ ಗುಣಿತ, ಒತ್ತು ಎಲ್ಲ ದಾಟಿ ಅದರ ಮೊದಲಿಗೆ ‘ರ್’ ಕೂರಿಸಬೇಕು. ಒಂದೇ ಸಂಕೇತ ಹಿಂದೆ ಹೋದರೆ ‘ಸೂರ್ಯ’ ಸರಿಯಾಗುತ್ತದೆ, ‘ತೀರ್ಥ’ವೂ ಸರಿಯಾಗುತ್ತದೆ, ಆದರೆ ‘ಮಾರ್ಗೋಪಾಯ’ದಲ್ಲಿ ಮುಗ್ಗರಿಸುತ್ತದೆ. ಅಲ್ಲಿ ‘ಗೋ’ ಪೂರ್ತಿ ದಾಟಬೇಕು. ಅಕ್ಷರ ಬಿಡಿಸುವ ನನ್ನ ರೆಗೆಕ್ಸ್ ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ.

ಪೇಜ್‌ಮೇಕರ್ ಫೈಲುಗಳನ್ನು ಲಿಬ್ರೆಆಫೀಸ್ ಡ್ರಾ ತೆರೆಯುತ್ತದೆ, ಮೊದಲು ಅದರಲ್ಲಿ ನೋಡಿ. ಒಂದು ಪುಟದ ಪಠ್ಯ ಮತ್ತು ಅದೇ ಪುಟದ ಅಚ್ಚಾದ ಪ್ರತಿಯ ಫೋಟೋ ಕಳಿಸಿದರೆ ಎರಡನ್ನೂ ಪಕ್ಕ ಇಟ್ಟು ಸರಿ ಮಾಡಬಹುದು.

ಹಿಂಜವಡಿ ಬಸ್, ಪುಣೆ:

ಓದಲು ಚೆನ್ನಾಗಿದೆ, ಆದರೆ ಮನಸ್ಸಿನಲ್ಲಿರುವುದನ್ನು ಹೇಳಿಬಿಡುತ್ತೇನೆ. ವಾಕಡ್ ಚೌಕದ ಟ್ರಾಫಿಕ್ ದಾಟಿ ಮನೆ ಸೇರುವಷ್ಟರಲ್ಲಿ ಎಂಟೂವರೆ. ಮತ್ತೆ ಲ್ಯಾಪ್‌ಟಾಪ್ ತೆರೆಯಬೇಕು ಅಂದರೆ ಹೊಟ್ಟೆಯಲ್ಲಿ ಸಂಕಟ. ಆದರೂ ತೆರೆಯುತ್ತಿದ್ದೆ. ಯಾಕೆಂದರೆ ಇಂಟರ್‌ವ್ಯೂನಲ್ಲಿ ಕೇಳುತ್ತಾರೆ: ‘ನಿಮ್ಮ ಸ್ವಂತ ಪ್ರಾಜೆಕ್ಟ್ ಏನು? ಗಿಟ್‌ಹಬ್ ತೋರಿಸಿ.’ ಹವ್ಯಾಸಕ್ಕೂ ಹಾಜರಿ ಪುಸ್ತಕ ಬಂದುಬಿಟ್ಟಿದೆ. ಮದುವೆಯಾಗಿ ಮಕ್ಕಳಿರುವವರು, ಮನೆಯಲ್ಲಿ ಹಿರಿಯರನ್ನು ನೋಡಿಕೊಳ್ಳುವವರು ಏನು ಮಾಡಬೇಕು? ಅವರಿಗೆ ಕೆಲಸದ ಮೇಲೆ ಪ್ರೀತಿ ಇಲ್ಲ ಅಂತ ಅರ್ಥವಾ? ನಾನು ಈಗ ಆ ಸಮಯಕ್ಕೆ ತಬಲಾ ಕ್ಲಾಸಿಗೆ ಹೋಗುತ್ತೇನೆ. ಅದೇ ನನ್ನ ಹವ್ಯಾಸ.

ಡೊಂಬಿವಲಿ ಮಳೆ, ಮುಂಬಯಿ:

ನೀವು ಹೇಳಿದ್ದು ನೂರಕ್ಕೆ ನೂರು ಸರಿ ಮಾರಾಯ್ರೆ. ತಬಲಾ ಬಿಡಬೇಡಿ. ನನ್ನ ಮಳೆಮಾಪಕ ನನ್ನ ರೆಸ್ಯೂಮೆಯಲ್ಲಿ ಇಲ್ಲ, ಹಾಕುವುದೂ ಇಲ್ಲ. ಮಳೆ ನಿಂತ ಮೇಲೆ ಅಕ್ಟೋಬರಿನಿಂದ ಮೇ ತನಕ ನಾನು ಅದರ ಕಡೆ ತಿರುಗಿಯೂ ನೋಡುವುದಿಲ್ಲ.

ಕರ್ವೇನಗರ ಕೋಡ್, ಪುಣೆ:

ಇಂಟರ್‌ವ್ಯೂನಲ್ಲಿ ಹಾಗೆ ಕೇಳುವುದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯವೂ. ನಾನೂ ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಜಾಗದಲ್ಲಿ ಕೂರುತ್ತೇನೆ, ಆ ಪ್ರಶ್ನೆ ಕೇಳುವುದಿಲ್ಲ. ಆಫೀಸಿನಲ್ಲಿ ಮಾಡಿದ ಕೆಲಸದಲ್ಲೇ ಕೇಳಲು ಬೇಕಾದಷ್ಟು ಇರುತ್ತದೆ. ಇಲ್ಲಿ ಕೇಳಿದ್ದು ಮಾಡಬೇಕು ಅನಿಸಿದವರಿಗೆ ಮಾತ್ರ.

ಮಡಗಾಂವ್ ಅಕ್ಷರ, ಗೋವಾ:

ನಾನೂ ಮಾಡಬೇಕು ಅನಿಸಿಯೇ ಮಾಡಿದವಳು. ನಮ್ಮದು ಕಾರ್ಕಳ ಕಡೆ. ಮನೆಮಾತು ಕೊಂಕಣಿ, ಓದಿದ್ದೆಲ್ಲ ಕನ್ನಡ. ಅತ್ತೆ ಕೊಂಕಣಿಯನ್ನು ಕನ್ನಡ ಲಿಪಿಯಲ್ಲೇ ಬರೆಯುತ್ತಾರೆ. ಮಗಳು ಹುಟ್ಟಿ ಬೆಳೆದದ್ದು ಇಲ್ಲಿ, ಶಾಲೆಯಲ್ಲಿ ದೇವನಾಗರಿಯಲ್ಲಿ ಕೊಂಕಣಿ ಕಲಿಯುತ್ತಾಳೆ. ಗೋವಾದಲ್ಲಿ 1987ರ ಕಾನೂನಿನಿಂದ ರಾಜಭಾಷೆಯಾದದ್ದು ದೇವನಾಗರಿಯ ಕೊಂಕಣಿ. ಅಜ್ಜಿ ಕಳಿಸಿದ ಮೆಸೇಜನ್ನು ಮೊಮ್ಮಗಳು ಓದಲಾರಳು, ಮೊಮ್ಮಗಳು ಬರೆದದ್ದನ್ನು ಅಜ್ಜಿ ಕಷ್ಟಪಟ್ಟು ಓದುತ್ತಾರೆ. ಮಾತು ಮಾತ್ರ ಒಂದೇ. ಈ ಇಬ್ಬರಿಗೋಸ್ಕರ ಲಿಪಿ ಬದಲಿಸುವ ಒಂದು ಪುಟ ಮಾಡಿದ್ದೇನೆ.

ಶುರುವಿನಲ್ಲಿ ಕೆಲಸ ಬಹಳ ಸುಲಭ. ಯೂನಿಕೋಡ್‌ನಲ್ಲಿ ಭಾರತೀಯ ಲಿಪಿಗಳನ್ನು ಒಂದೇ ಅಚ್ಚಿನಲ್ಲಿ ಜೋಡಿಸಿದ್ದಾರೆ, ಹಿಂದಿನ ಇಸ್ಕಿ ಸಂಕೇತದಿಂದ ಬಂದದ್ದು ಅದು. ನಮ್ಮ ‘ಕ’ 3221, ದೇವನಾಗರಿ ‘ಕ’ 2325. ವ್ಯತ್ಯಾಸ 896. ‘ಳ’ಕ್ಕೂ 896, ಅಂಕಿಗಳಿಗೂ 896. ಕಳೆದರೆ ದೇವನಾಗರಿ, ಕೂಡಿದರೆ ಕನ್ನಡ.

ಆಮೇಲೆ ಗೊತ್ತಾಗುತ್ತದೆ ಬರೀ ಕಳೆದರೆ ಸಾಲದು ಅಂತ. ನಮಗೆ ‘ಎ’ ಬೇರೆ, ‘ಏ’ ಬೇರೆ. ‘ಒ’ ಬೇರೆ, ‘ಓ’ ಬೇರೆ. ದೇವನಾಗರಿಯಲ್ಲಿ ದಿನಬಳಕೆಗೆ ಒಂದೊಂದೇ. ಹ್ರಸ್ವಕ್ಕೆ ಯೂನಿಕೋಡ್‌ನಲ್ಲಿ ಜಾಗ ಇದೆ, ಆದರೆ ಶಾಲೆಯ ಮಗು ಆ ಆಕಾರವನ್ನು ಎಲ್ಲೂ ನೋಡಿರುವುದಿಲ್ಲ. ಹಾಗಾಗಿ ಹೋಗುವಾಗ ಎರಡನ್ನೂ ದೀರ್ಘದ ಜಾಗಕ್ಕೇ ಕಳಿಸುತ್ತೇನೆ. ವಾಪಸ್ ಬರುವಾಗ ಯಾವುದು ಹ್ರಸ್ವ, ಯಾವುದು ದೀರ್ಘ ಅಂತ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಅತ್ತೆ ಬಳಸುವ ಪದಗಳ ಪಟ್ಟಿ ಇಟ್ಟುಕೊಂಡು ಅದರ ಪ್ರಕಾರ ಹಾಕುತ್ತೇನೆ. ಪಟ್ಟಿಯಲ್ಲಿ ಇಲ್ಲದಿದ್ದರೆ ದೀರ್ಘ.

ಇನ್ನೊಂದು, ಅತ್ತೆ ಮನೆಗೆ ‘ಘರ್’ ಅಂತ ಅರ್ಧಾಕ್ಷರ ಹಾಕಿ ಬರೆಯುತ್ತಾರೆ. ದೇವನಾಗರಿಯಲ್ಲಿ ಆ ಅರ್ಧಾಕ್ಷರ ಬರೆಯುವ ರೂಢಿ ಇಲ್ಲ, ಓದುವವರೇ ಅರ್ಧ ಮಾಡಿಕೊಳ್ಳುತ್ತಾರೆ. ಅದನ್ನು ಒಂದು ಕಡೆ ತೆಗೆಯಬೇಕು, ಇನ್ನೊಂದು ಕಡೆ ಸೇರಿಸಬೇಕು. ಸೇರಿಸುವುದು ಇನ್ನೂ ಎಲ್ಲ ಕಡೆ ಸರಿ ಬಂದಿಲ್ಲ. ಆದರೆ ಪತ್ರ ನಡೆಯುತ್ತಿದೆ. ಅತ್ತೆ ಮೀನು ಸಾರಿನ ಮಸಾಲೆ ಅಳತೆ ಬರೆದು ಕಳಿಸಿದರು, ಮಗಳು ತಾನೇ ಓದಿ ನನಗೆ ಹೇಳಿದಳು.

ಸಿಂಹಗಡ ರಸ್ತೆ, ಪುಣೆ:

ನಾನು ಮಾಡಿದ್ದು ತೀರಾ ಸಣ್ಣದು. ಮಾವನವರು ಸಂಜೆ ನಾರಾಯಣ ಪೇಠದಿಂದ ಭಿಡೆ ಪೂಲ್ ದಾಟಿ ಡೆಕ್ಕನ್ ಕಡೆ ಹೋಗುತ್ತಾರೆ. ಮಳೆಗಾಲದಲ್ಲಿ ಖಡಕ್‌ವಾಸ್ಲಾ ಅಣೆಕಟ್ಟಿನಿಂದ ಮುಠಾ ನದಿಗೆ ಜಾಸ್ತಿ ನೀರು ಬಿಟ್ಟರೆ ಆ ತಗ್ಗು ಸೇತುವೆ ಮುಳುಗುತ್ತದೆ. ನೀರಾವರಿ ಇಲಾಖೆ ಎಷ್ಟು ಕ್ಯುಸೆಕ್ ಬಿಡುತ್ತಿದ್ದೇವೆ ಅಂತ ಹೇಳುತ್ತಲೇ ಇರುತ್ತದೆ. ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಆ ಅಂಕಿ ಏರಿದರೆ ನನ್ನ ಪ್ರೋಗ್ರಾಂ ಮಾವನವರಿಗೆ ‘ಇವತ್ತು ಪೂಲ್ ಕಡೆ ಬೇಡ’ ಅಂತ ಕನ್ನಡದಲ್ಲಿ ಹೇಳುತ್ತದೆ. 1961ರ ಜುಲೈ 12ರಂದು ಪಾನ್‌ಶೇತ್ ಅಣೆಕಟ್ಟು ಒಡೆದ ಕಥೆ ಕೇಳಿ ಬೆಳೆದ ಊರು ಇದು, ನೀರಿನ ವಿಷಯದಲ್ಲಿ ಇಲ್ಲಿಯ ಹಿರಿಯರು ಹುಷಾರು.

ಐರೋಲಿ ಓಪನ್, ನವಿ ಮುಂಬಯಿ:

ಎಲ್ಲರಿಗೂ ನಮಸ್ಕಾರ. ಒಂದು ತಕರಾರು ಇದೆ. ಪದಬಂಧ, ಲಿಪಿ ಬದಲಾವಣೆ, ನುಡಿ ಪರಿವರ್ತನೆ, ಮೂರರ ಒಳಗೂ ಒಂದೇ ಕೆಲಸ ಇದೆ: ಕನ್ನಡ ಅಕ್ಷರವನ್ನು ಸರಿಯಾಗಿ ಬಿಡಿಸುವುದು. ಅದನ್ನೇ ಬೇರೆ ಬೇರೆ ಕೂತು ಬರೆಯುತ್ತಿದ್ದೀರಿ. ನಾಳೆ ಮೈಸೂರಿನಲ್ಲಿ ಇನ್ನೊಬ್ಬ ಹುಡುಗಿ ಕೂತು ಅದನ್ನೇ ಮತ್ತೆ ಬರೆಯುತ್ತಾಳೆ. ಅವ್ವನಿಗೆ, ಅತ್ತೆಗೆ ಅಂತ ಲ್ಯಾಪ್‌ಟಾಪಿನಲ್ಲೇ ಇಟ್ಟುಕೊಂಡರೆ ಆ ಲ್ಯಾಪ್‌ಟಾಪ್ ಕೆಟ್ಟ ದಿನ ಅದೂ ಹೋಯಿತು. ಅಲರ್ ಮುಕ್ತವಾಗಿ ಸಿಗದಿದ್ದರೆ ಈ ಪದಬಂಧ ಆಗುತ್ತಿತ್ತಾ? ತೆಗೆದುಕೊಂಡವರು ಕೊಡಲೂ ಬೇಕು.

ಕರ್ವೇನಗರ ಕೋಡ್, ಪುಣೆ:

ಈ ಮಾತನ್ನು ಎರಡು ದಿನ ಯೋಚಿಸಿ ಉತ್ತರ ಬರೆಯುತ್ತಿದ್ದೇನೆ.

ಅರ್ಧ ಒಪ್ಪುತ್ತೇನೆ. ಅಕ್ಷರ ಬಿಡಿಸುವ ಭಾಗ ಎಲ್ಲರದು. ಅದನ್ನು ಬೇರೆ ತೆಗೆದು ಈ ವಾರವೇ ಮುಕ್ತ ಪರವಾನಗಿಯಲ್ಲಿ ಹಾಕುತ್ತೇನೆ.

ಆದರೆ ಪದಬಂಧ ಅವ್ವನದು, ಅದು ಹಾಗೇ ಇರಲಿ. ಅದನ್ನು ಎಲ್ಲರಿಗೂ ಅಂತ ಮಾಡಲು ಹೊರಟರೆ ಲಾಗಿನ್ ಬೇಕು, ಅಂಕ ಬೇಕು, ಎಲ್ಲ ಜಿಲ್ಲೆಗೂ ಒಪ್ಪುವ ಪದ ಬೇಕು. ‘ಜವಾರಿ’ ಅಂದರೆ ಮಂಗಳೂರಿನವರಿಗೆ ಬೇಗ ಹೊಳೆಯುವುದಿಲ್ಲ ಅಂತ ತೆಗೆಯಬೇಕಾಗುತ್ತದೆ. ಹೀಗೆ ಒಂದೊಂದೇ ತೆಗೆದ ಮೇಲೆ ಅವ್ವನಿಗೆ ಅದರಲ್ಲಿ ಏನು ಉಳಿಯಿತು? ಆಫೀಸಿನಲ್ಲಿ ನಾನು ಲಕ್ಷಾಂತರ ಜನರಿಗೆ ಕೋಡ್ ಬರೆಯುತ್ತೇನೆ, ಅವರಲ್ಲಿ ಒಬ್ಬರ ಮುಖವೂ ಗೊತ್ತಿಲ್ಲ. ಯಾವ ಬಟನ್ ಎಲ್ಲಿಡಬೇಕು ಅಂತ ಮೂರು ಮೀಟಿಂಗ್ ಮಾಡುತ್ತೇವೆ. ಮನೆಯಲ್ಲಿ ಅವ್ವ ಕನ್ನಡಕ ಮೇಲೆತ್ತಿ ‘ಮನಿ ಸಣ್ಣವಾದುವು’ ಅಂದರೆ ಐದು ನಿಮಿಷದಲ್ಲಿ ದೊಡ್ಡ ಮಾಡಿ ಮತ್ತೆ ಪ್ರಿಂಟ್ ಕೊಡುತ್ತೇನೆ. ಬಳಸುವವರ ಪಕ್ಕ ಕೂತು ಬರೆದರೆ ಏನು ಬೇಡ ಅನ್ನುವುದೂ ಗೊತ್ತಾಗುತ್ತದೆ. ಡೊಂಬಿವಲಿಯವರು ಗ್ರಾಫ್ ಬಿಟ್ಟು ಒಂದು ಸಾಲಿನ ಮೆಸೇಜ್ ಕಳಿಸುವುದೂ ಅಪ್ಪಯ್ಯನನ್ನು ನೋಡಿಯೇ ಅಲ್ವಾ?

ಐರೋಲಿ ಓಪನ್, ನವಿ ಮುಂಬಯಿ:

ಆಯ್ತು, ಅಷ್ಟು ಸಾಕು ನನಗೆ. ಕೋಡ್ ಜೊತೆ ಪರೀಕ್ಷೆಯ ಪದಗಳನ್ನೂ ಹಾಕಿ. ಮುಂದೆ ಬರುವವರಿಗೆ ಕೋಡಿಗಿಂತ ಆ ಪಟ್ಟಿಯೇ ಹೆಚ್ಚು ಉಪಯೋಗ. ನನ್ನ ಕಡೆಯಿಂದ ಎರಡು.

‘ಸಾಫ್ಟ್‌ವೇರ್’. ‘ಟ್’ ಮತ್ತು ‘ವೇ’ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತದೆ, ಜೋಡಿಸಬೇಡ ಅನ್ನುವ ಚಿಹ್ನೆ. ಅದಿದ್ದರೆ ನಾಲ್ಕು ಮನೆ, ಅದನ್ನು ಬಿಟ್ಟು ಟೈಪ್ ಮಾಡಿದರೆ ‘ಸಾಫ್ಟ್ವೇರ್’ ಆಗಿ ಮೂರೇ ಮನೆ. ಇನ್ನೊಂದು ‘ೊ’. ಇದನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ‘ೆ’ ಮತ್ತು ‘ೂ’ ಎರಡು ಸೇರಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಹೋಲಿಸಿ ನೋಡಿದರೆ ಬೇರೆ ಬೇರೆ. ಮೊದಲು ನಾರ್ಮಲೈಸ್ ಮಾಡಿ, ಅಂದರೆ ಎರಡನ್ನೂ ಒಂದೇ ರೂಪಕ್ಕೆ ತನ್ನಿ, ಆಮೇಲೆ ಬಿಡಿಸಿ.

ಮಡಗಾಂವ್ ಅಕ್ಷರ, ಗೋವಾ:

ನನ್ನದೂ ಒಂದು ಸೇರಿಸಿ. ಸೊನ್ನೆಯ ಅಂಕಿ ‘೦’ ಮತ್ತು ಅನುಸ್ವಾರ ‘ಂ’. ನೋಡಲು ಒಂದೇ ತರಹ ಇರುವುದರಿಂದ ಬಹಳ ಜನ ‘ಅ೦ಗಡಿ’ ಅಂತ ಅಂಕಿ ಹಾಕಿ ಟೈಪ್ ಮಾಡುತ್ತಾರೆ. ಅನುಸ್ವಾರ 3202, ಅಂಕಿ 3302. ಹುಡುಕಿದರೆ ಸಿಗುವುದಿಲ್ಲ, ದೇವನಾಗರಿಗೆ ಹಾಕಿದರೆ ಪದದ ನಡುವೆ ಸೊನ್ನೆ ಬಂದು ಕೂರುತ್ತದೆ. ಎರಡು ಕನ್ನಡ ಅಕ್ಷರಗಳ ನಡುವೆ ಸೊನ್ನೆ ಕಂಡರೆ ಅನುಸ್ವಾರ ಮಾಡಿ, ಸುತ್ತ ಅಂಕಿ ಇದ್ದರೆ ಬಿಟ್ಟುಬಿಡಿ.

ಹಳೇ ಕೋಬಾಲ್, ಮಾಟುಂಗಾ:

‘ಕಾರ್ತ್ಸ್ನ್ಯ’ ಹಾಕಿ ನೋಡಿ. ಎಷ್ಟು ಮನೆ ಬರುತ್ತದೆ?

ಕರ್ವೇನಗರ ಕೋಡ್, ಪುಣೆ:

ಎರಡು ಬಂತು ಸರ್. ‘ಕಾ’ ಒಂದು, ಉಳಿದದ್ದೆಲ್ಲ ಒಂದು. ಅವ್ವನ ಲೆಕ್ಕವೂ ಎರಡೇ, ಆದರೆ ಇಷ್ಟು ಒತ್ತು ಇರುವ ಪದ ತನ್ನ ಪದಬಂಧಕ್ಕೆ ಬೇಡ ಅಂದಳು. ಪರೀಕ್ಷೆಯ ಪಟ್ಟಿಗೆ ಸೇರಿಸಿದ್ದೇನೆ. ನಿಮ್ಮ ಸಿಡಿ ವಿಷಯ ಏನಾಯಿತು?

ಹಳೇ ಕೋಬಾಲ್, ಮಾಟುಂಗಾ:

ಲಿಬ್ರೆಆಫೀಸಿನಲ್ಲಿ ಒಂದು ಫೈಲ್ ತೆರೆಯಿತು. ಪುಟದ ಜೋಡಣೆ ಕೆಟ್ಟಿದೆ, ಪಠ್ಯ ಪೂರ್ತಿ ಇದೆ. ಉಳಿದ ಸಿಡಿಗಳನ್ನು ಹಾಕಲು ನನ್ನ ಹತ್ತಿರ ಡ್ರೈವ್ ಇಲ್ಲ. ಹೊಸ ಲ್ಯಾಪ್‌ಟಾಪಿನಲ್ಲಿ ಅದು ಬರುವುದೇ ಇಲ್ಲವಂತೆ.

ಡೊಂಬಿವಲಿ ಮಳೆ, ಮುಂಬಯಿ:

ಸರ್, ಯುಎಸ್‌ಬಿ ಸಿಡಿ ಡ್ರೈವ್ ನನ್ನ ಹತ್ತಿರ ಇದೆ. ಭಾನುವಾರ ರಿಪೇರಿಗೆ ಲೋಕಲ್ ರೈಲು ನಿಲ್ಲಿಸುವ ಮೆಗಾಬ್ಲಾಕ್ ಇರುತ್ತದೆ, ಶನಿವಾರ ಮಧ್ಯಾಹ್ನ ಬರುತ್ತೇನೆ. ಸಿಡಿಗಳನ್ನು ಒರೆಸಲು ಹೋಗಬೇಡಿ, ಹಾಗೇ ಇಟ್ಟಿರಿ. ಒಂದೊಂದನ್ನೂ ಪೂರ್ತಿ ಇಮೇಜ್, ಅಂದರೆ ಇದ್ದ ಹಾಗೇ ನಕಲು, ಮಾಡಿ ಎರಡು ಪೆನ್‌ಡ್ರೈವಿಗೆ ಹಾಕೋಣ, ಒಂದು ನಿಮ್ಮ ಹತ್ತಿರ ಇರಲಿ, ಇನ್ನೊಂದನ್ನು ಪುಣೆಗೆ ಕಳಿಸೋಣ. ಅಚ್ಚಾದ ಸಂಚಿಕೆಗಳಿದ್ದರೆ ತೆಗೆದಿಡಿ, ಫೋಟೋ ನಾನೇ ತೆಗೆಯುತ್ತೇನೆ.